ಹನ್ನೊಂದು ಸಾಲುಗಳು

"ಅಳಿಸಿಬಿಡಿ," ಎಂದ ಮುಖ್ಯಸ್ಥ, ಅವಳ ಕುರ್ಚಿಯ ಹಿಂದೆ ನಿಂತು. "ಅಂಕಿಗಳ ಆ ಹನ್ನೊಂದು ಸಾಲು ತೆಗೆದ್ರೆ ನಕ್ಷೆಯ ಗೆರೆ ತಾನೇ ನೆಟ್ಟಗಾಗುತ್ತೆ."

ಅಳಿಸಿದಳು. ಪರದೆಯ ಮೇಲಿನ ಗೆರೆ ಇಸ್ತ್ರಿ ಹಾಕಿದಂತೆ ನೆಟ್ಟಗಾಯಿತು. ಗಿರ್ರನೆ ತಿರುಗುವ ಬಟ್ಟಲಿನಲ್ಲಿ ರಕ್ತದ ಕೆಂಪುಕಣ ಅಂಚಿಗೆ, ಹಳದಿ ದ್ರವ ಒಳಕ್ಕೆ ಹೇಗೆ ಸರಿಯುತ್ತವೆಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿ ಹೇಳುವುದು ಅವಳ ಕೆಲಸ. ಆ ಲೆಕ್ಕ ನಂಬಿಯೇ ಅವರು ತಯಾರಿಸುತ್ತಿದ್ದ, ರಕ್ತ ಬೇರ್ಪಡಿಸುವ ಯಂತ್ರ ದಾನಿಯ ತೋಳಿನಿಂದ ರಕ್ತ ಎಳೆಯುತ್ತದೆ. ಊಟದ ಮೇಜಿನಲ್ಲಿ 'ಗಣಿತದಮ್ಮ' ಬಂದಳೆಂದರೆ ಉಳಿದವರ ಮಾತು ನಿಲ್ಲುತ್ತಿತ್ತು. ಅವಳು ಮೇಜಿಗೆ ಹೋಗುವುದನ್ನೇ ಬಿಟ್ಟು ನಾಲ್ಕು ವರ್ಷವಾಗಿತ್ತು.

ಹನ್ನೊಂದು ಸಾಲೆಂದರೆ ಕಟ್ಟಡ ಗುಡಿಸುವ ಹನ್ನೊಂದು ಹೆಂಗಸರು. ಪರೀಕ್ಷೆಗೆ ರಕ್ತ ಬೇಕೆಂದಾಗ ಬಿಳಿ ಕೋಟಿನವರು ಅರ್ಧಕ್ಕರ್ಧ ನುಣುಚಿಕೊಂಡಿದ್ದರು. ತೋಳು ಚಾಚಿದವರು ಇವರು. ಇವರದು ತೆಳು ರಕ್ತ. ಕೆಂಪು ಪದರ ಗುರುತು ಮುಟ್ಟುವ ತನಕ ಯಂತ್ರ ನಿಲ್ಲುವುದಿಲ್ಲ. ಇಂಥವರಿಂದ ಮಿತಿ ಮೀರಿ ಎಳೆಯುತ್ತಲೇ ಹೋಗುತ್ತದೆ.

ನೆಲ ಒರೆಸುತ್ತ ಬಂದ, ಆ ಹನ್ನೊಂದರಲ್ಲಿ ಒಬ್ಬಳಾದ ಅಕ್ಕ ವಾರವಾರವೂ ಕೇಳುವುದನ್ನೇ ಕೇಳಿದಳು: "ನಂದು ಕೆಲಸಕ್ಕೆ ಬಂತೇನಮ್ಮಾ?"

ಅವಳು ಪರದೆಯಿಂದ ಇತ್ತ ತಿರುಗಿದಳು. "ನಿಮ್ಮ ರಕ್ತದಲ್ಲಿ ಕೆಂಪು ಕಮ್ಮಿ, ಅಕ್ಕಾ."

"ಇದ್ದದ್ದನ್ನೆಲ್ಲ ಈ ನೆಲಕ್ಕೆ ಉಜ್ಜಿದೀವಲ್ಲ, ಇನ್ನೆಲ್ಲಿಂದ ಬರುತ್ತೆ?" ಅಕ್ಕ ನಕ್ಕು, ಅವಳ ಕಾಲೆತ್ತಿಸಿ ಕುರ್ಚಿಯ ಕೆಳಗೂ ಒರೆಸಿ ಹೋದಳು.

ಅವಳು ಹನ್ನೊಂದು ಸಾಲನ್ನೂ ಮತ್ತೆ ಸೇರಿಸಿದಳು. ಗೆರೆ ಸೊಟ್ಟಗಾಯಿತು. ತೆಳು ರಕ್ತದವರಿಗೆ ಯಂತ್ರ ಬೇಗ ನಿಲ್ಲಬೇಕು, ಅದನ್ನು ತಿದ್ದುವವರೆಗೆ ತನ್ನ ಸಹಿಯಿಲ್ಲ ಎಂದು ವರದಿಯ ಕೊನೆಗೆ ಬರೆದಳು.

ಮುಖ್ಯಸ್ಥ ಕೂಗಾಡಲಿಲ್ಲ. ಆಸ್ಪತ್ರೆಗಳಿಗೆ ಯಂತ್ರ ಹೊರಡುವ ದಿನ ನಿಗದಿಯಾಗಿದೆ ಎಂದ. ಮೇಲಿನವರಿಗೆ ಏನು ಹೇಳಲಿ ಎಂದ. ಕೊನೆಗೆ, "ಸಾವಿರಾರು ಜನಕ್ಕೆ ಅಂತ ಮಾಡೋ ಯಂತ್ರ. ಹನ್ನೊಂದು ಜನ ಯಾವ ಲೆಕ್ಕ?"

"ನಾವು ರಕ್ತ ತಗೊಂಡಿದ್ದು ಅರವತ್ತು ಜನರದ್ದು, ಸರ್. ಅರವತ್ತರಲ್ಲಿ ಹನ್ನೊಂದು."

ಅವಳ ಸಹಿಯಿಲ್ಲದೆ ಕಡತ ಕಟ್ಟಡ ದಾಟುವಂತಿರಲಿಲ್ಲ, ದಾಟಲಿಲ್ಲ. ಮರುವಾರ ಅವಳ ಮೇಜು ಮಾತ್ರ ನೆಲಮಾಳಿಗೆಗೆ ಇಳಿಯಿತು, ಹಳೆಯ ಕಪಾಟುಗಳ ನಡುವೆ. ಯಾರೂ ಬೀಳ್ಕೊಡಲಿಲ್ಲ. ಆ ಕೋಣೆಯಲ್ಲಿ ಯಾರೋ ಬಿಟ್ಟುಹೋದ ಇನ್ನೊಂದು ಕುರ್ಚಿಯಿತ್ತು. ಅದರ ಧೂಳನ್ನು ಅಂಗೈಯಿಂದ ಒರೆಸಿ, ಅಕ್ಕ ಬಂದಾಗ ಕೂರಲೆಂದು ತನ್ನ ಮೇಜಿನ ಎದುರಿಗೆ ಎಳೆದಿಟ್ಟುಕೊಂಡಳು.