ತವರಿಗೆ ಐದು ಕಾಳು

"ಮಾರಿ ಎಲ್ಲೈತ್ರಿ ಇದಕ?"

ಹುಚ್ಚವ್ವ ಕಲ್ಲಿನ ಸುತ್ತ ಎರಡು ಸಲ ತಿರುಗಿ ಬಂದು ಮತ್ತೆ ಎದುರಿಗೆ ನಿಂತಳು.

ನರಗುಂದದ ಗುಡ್ಡದ ಕೆಳಗೆ, ಹಳೆಯ ವಾಡೆಯ ಮುಂದಿನ ಚೌಕದಲ್ಲಿ ಆ ಮೂರ್ತಿ ಕೂತು ಎಂಟು ದಿನವಾಗಿತ್ತು. ರಾಜ್ಯ ಒಂದಾಗಿ ವರ್ಷ ತುಂಬಿದ ಹಬ್ಬಕ್ಕೆಂದು ತಂದದ್ದು. ಕೂತ ಹೆಂಗಸು, ಮುಖ ಇರಬೇಕಾದಲ್ಲಿ ಬೋಳು ಕಲ್ಲು, ಮಡಿಲು ಇರಬೇಕಾದಲ್ಲಿ ಒಂದು ತಗ್ಗು. ಮುಂಬಯಿಯಲ್ಲಿ ಕಲಿತು ಬಂದವನಿಗೆ ಒಂದು ಮೂಗು ಕೆತ್ತಲು ಬರಲಿಲ್ಲವೇ ಎಂದು ಊರು ನಕ್ಕಿತ್ತು. ಇವತ್ತು ಅದು ಧಾರವಾಡಕ್ಕೆ ಹೋಗುವುದಿತ್ತು. ಲಾರಿ ಬಂದು ನಿಂತಿತ್ತು.

ಹುಚ್ಚವ್ವನ ಮಗಳು ಮಾಯವ್ವ ಗಂಡನ ಜೊತೆ ಗಜೇಂದ್ರಗಡಕ್ಕೆ ಕಲ್ಲು ಒಡೆಯುವ ಕೆಲಸಕ್ಕೆ ಹೋಗಿದ್ದಳು. ಹೋದ ವರ್ಷ ಶ್ರಾವಣದಲ್ಲಿ ಬಂಡೆ ಉರುಳಿ ಸತ್ತಳು. ಆಗ ಮಲಪ್ರಭೆ ಹುಚ್ಚವ್ವನ ಊರು ಹೊಳೆಮಣ್ಣೂರನ್ನು ಸುತ್ತುಗಟ್ಟಿತ್ತು; ನೀರು ಇಳಿದು ತಾಯಿ ಹೋಗುವಷ್ಟರಲ್ಲಿ ಮಣ್ಣು ಮಾಡಿ ಐದು ದಿನವಾಗಿತ್ತು. ಫೋಟೋ ಅಂಥವರ ಮನೆಗೆ ಎಲ್ಲಿಂದ ಬರಬೇಕು? ಮಗಳ ಜೊತೆಗೆ ದುಡಿದವನೊಬ್ಬ 'ನಿನ್ನ ಮಗಳ ಮೂರ್ತಿ ಮಾಡ್ಯಾರ' ಎಂದು ಸುದ್ದಿ ಮುಟ್ಟಿಸಿದ್ದೇ ತಡ, ಆ ಮುಖ ಒಮ್ಮೆ ನೋಡಬೇಕೆಂದು ಅರ್ಧ ದಾರಿ ಚಕ್ಕಡಿಯಲ್ಲಿ, ಅರ್ಧ ದಾರಿ ನಡೆದು ಬಂದಿದ್ದಳು.

ಕೆತ್ತಿದ ಗವಿಸಿದ್ದಪ್ಪ ತಲೆ ತಗ್ಗಿಸಿದ. "ಕಲ್ಲು ಆರಸಾಕ ಹೋದಾಗ ನೋಡಿದ್ನಿ ಯವ್ವಾ. ಬಿಸಲಿಗೆ ಸೆರಗು ಎಳಕೊಂಡು ಕುಂತಿದ್ಲು. ಮಾರಿ ನಾ ನೋಡಲೇ ಇಲ್ಲ. ಖರೇ ಹೇಳ್ತೀನಿ."

"ಅಯ್ಯ ನನ್ನಪ್ಪಾ! ಅದೊಂದಕ್ಕ ಬಂದಿದ್ನೆಲ್ಲೋ!" ಹುಚ್ಚವ್ವ ಅಲ್ಲೇ ಕುಸಿದು ಅತ್ತಳು.

ಅತ್ತು ಸಾಕಾದ ಮೇಲೆ ಕೈ ಚಾಚಿ ಕಲ್ಲಿನ ಎಡಭುಜ ಮುಟ್ಟಿದಳು. ಅದು ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. "ಸಣ್ಣಾಕಿದ್ದಾಗ ಚಕ್ಕಡಿಯಿಂದ ಬಿದ್ದಿದ್ಲು," ಎಂದಳು. "ನಮ್ಮಾಕಿನ ಇದು."

"ಲಗೂ ಮಾಡ್ರಿ, ಹೊತ್ತಾತು," ಎಂದು ಲಾರಿಯ ಮಲಿಕಸಾಬ ಕೂಗಿದ.

"ಹೋಗಾಕಿನ್ನ ಬರೇ ಉಡೀಲೆ ಕಳಸ್ತಾರೇನಪಾ?" ಪೇಟೆಯಲ್ಲಿ ಉಪ್ಪಿಗೆ ಬದಲು ಕೊಡಲು ತಂದಿದ್ದ ಜೋಳದ ಗಂಟನ್ನು ಹುಚ್ಚವ್ವ ಬಿಚ್ಚಿದಳು.

ಮಾಯವ್ವ ಗಂಡನ ಮನೆಗೆ ಹೊರಟ ದಿನ ಮಡಿಲಿಗೆ ಕಾಳು ಸುರಿದು ಉಡಿ ತುಂಬಿದ್ದು ನೆರೆಮನೆಯ ಗಾಳೆವ್ವ. ಗಂಡ ಸತ್ತವಳ ಕೈ ತಾಗಬಾರದೆಂದು ಹಿರಿಯರು ಹೆತ್ತವಳನ್ನು ಒಳಗೆ ಕೂರಿಸಿದ್ದರು. ಸುಡಲಿ ಆ ಹಿರಿತನ!

ಇಲ್ಲಿಯೂ ಯಾರೋ ಅಂದೇಬಿಟ್ಟರು: "ಏ ಮುದುಕಿ, ನೀ ತುಂಬಬಾರದು."

"ಇನ್ನೇನ ಆಗೋದೈತೋ ಆಕಿಗೆ?"

ಐದು ಬೊಗಸೆ ಜೋಳವನ್ನು ಕಲ್ಲಿನ ಮಡಿಲ ತಗ್ಗಿಗೆ ಸುರಿದಳು. ಸುರಿದು, ಸೆರಗು ಒಡ್ಡಿ ನಿಂತಳು. ನಿಂತೇ ಇದ್ದಳು.

ಗವಿಸಿದ್ದಪ್ಪನಿಗೆ ಏನೂ ತಿಳಿಯಲಿಲ್ಲ. ಮಲಿಕಸಾಬ ಲಾರಿ ಇಳಿದು ಬಂದ. "ಉಡಿ ತುಂಬಿಸಿಕೊಂಡಾಕಿ ತವರಿಗೆ ಐದು ಕಾಳು ತಿರುಗಿ ಹಾಕಬೇಕ್ರಿ, ತವರು ತಣ್ಣಗಿರಲಿ ಅಂತ. ಆಕಿಗೆ ಕೈ ಎಲ್ಲೈತಿ? ನೀವ ಹಾಕ್ರಿ."

ಗವಿಸಿದ್ದಪ್ಪ ತಗ್ಗಿನ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಆ ಸೆರಗಿಗೆ ಹಾಕಿದ. ಕಾಳಿನ ಜೊತೆ ಕೆತ್ತಿದ ಕಲ್ಲಿನ ಪುಡಿಯೂ ಬಂದಿತ್ತು. ಹುಚ್ಚವ್ವ ಜೋಳದಲ್ಲಿ ಒಂದು ಹರಳನ್ನೂ ಉಳಿಸಿದವಳಲ್ಲ. ಇದನ್ನು ಮಾತ್ರ ಆರಿಸಲಿಲ್ಲ. ಹಾಗೆಯೇ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.