ಖಾಲಿ ಜೋಲಿ

ಜೋಲಿ ಕಟ್ಟಿದ್ದ ಹಳೇ ಸೀರೆಯ ಗಂಟು ಎಷ್ಟು ಎಳೆದರೂ ಬಿಚ್ಚಿಕೊಳ್ಳಲಿಲ್ಲ. "ಆಮೇಕೆ ಬಿಚ್ಚೀವಂತೆ, ಮೊದ್ಲು ಕೂಸ್ನ ಒಳಗೆ ಮನಗ್ಸವ್ವ. ಸಾವ್ಕಾರ್ರು ಚನ್ನಪಟ್ಣ ಬುಟ್ರಂತೆ," ಎಂದು ಮೇಸ್ತ್ರಿ ಗಂಗಯ್ಯ ಅವಸರಪಡಿಸಿದ. ಭಾನುಪ್ರಿಯ ಜೋಲಿಯನ್ನು ಜಗಲಿಯ ತೊಲೆಯ ಕೊಕ್ಕೆಯಲ್ಲೇ ಬಿಟ್ಟು, ನಿದ್ದೆಯಲ್ಲಿದ್ದ ಮಗಳನ್ನೆತ್ತಿಕೊಂಡು ರೇಷ್ಮೆಗೂಡು ತುಂಬಿಡುವ ಕೋಣೆಗೆ ಓಡಿದಳು.

ಹೊಂಗನೂರಿನ ಹಾದಿಯ ಆ ರೇಷ್ಮೆ ಕಾರ್ಖಾನೆ ಹಿಂದೊಮ್ಮೆ ನಷ್ಟದಲ್ಲಿ ಮುಚ್ಚುವಂತಾದಾಗ ಸರ್ಕಾರ ವಹಿಸಿಕೊಂಡಿತ್ತು. ಈಗ ಸರ್ಕಾರಕ್ಕೂ ಸಾಕಾಗಿ, ಹಳೆಯ ಮಾಲೀಕರ ಮೊಮ್ಮಗನಿಗೇ ಒಪ್ಪಿಸಿ ಕೈತೊಳೆದುಕೊಂಡಿತ್ತು. ಸರ್ಕಾರ ಹೆಂಗಸರಿಗೆ ಹೆಚ್ಚೇನೂ ಕೊಟ್ಟಿರಲಿಲ್ಲ; ಜಗಲಿಯಲ್ಲಿ ಜೋಲಿ ಕಟ್ಟಿದರೆ ಬೇಡವೆಂದಿರಲಿಲ್ಲ, ಅಷ್ಟೇ. ಅಷ್ಟರಲ್ಲೇ ಎಷ್ಟೋ ಮಕ್ಕಳು ಬೆಳೆದವು. ಖಾಸಗಿಯವರು ಮಗು ಕಂಡರೆ ತಾಯಿಯನ್ನೂ ಮನೆಗೆ ಕಳಿಸುತ್ತಾರೆಂದು ಸುದ್ದಿ ಹಬ್ಬಿತ್ತು. ಭಾನುಪ್ರಿಯಳ ಮನೆಯಲ್ಲಿ ಮಗು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಬೆಳಗಿನಿಂದ ಅವಳಿಗೆ ಭಯವೋ ಭಯ.

ಮನೋಹರ್ ಎಂಬ ಆ ಮೊಮ್ಮಗ ಮೆತ್ತಗಿನ ಮನುಷ್ಯ. ಶೂ ಒದ್ದೆಯಾದರೂ ಒಳಗೆಲ್ಲ ಸುತ್ತಾಡಿದ, ಬಿಸಿನೀರಿನಲ್ಲಿ ಕುಣಿಯುವ ಗೂಡುಗಳನ್ನು ನೋಡಿದ, ಏನೂ ಹೇಳಲಿಲ್ಲ. ಇವನಿಗಿಂತ ಬೈಯುವ ಮಾಲೀಕನೇ ವಾಸಿ ಎಂದು ಗಂಗಯ್ಯನಿಗೆ ಅನ್ನಿಸಿತು. ಕೊನೆಗೆ ಜಗಲಿಗೆ ಬಂದವನು, ಫೋನಿನಲ್ಲಿ ಮಾತಾಡುತ್ತಲೇ, ಕೈಗೆ ಸಿಕ್ಕ ಜೋಲಿಯನ್ನು ಸುಮ್ಮನೆ ತೂಗತೊಡಗಿದ.

ಕಾರ್ಖಾನೆಗೆಲ್ಲ ಹಿರಿಯಳಾದ ಅಂಬುಜಮ್ಮ ಬಾಗಿಲಲ್ಲೇ ನಿಂತಿದ್ದಳು. ಬಾಯಿಮುಚ್ಚಿಕೊಂಡಿರಬೇಕೆಂದು ಅವಳಿಗೂ ಗೊತ್ತಿತ್ತು. ಆದರೂ ತಡೆಯಲಾಗದೆ ಹೋಗಿ ಜೋಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬರೀ ಜೋಲಿ ತೂಗ್ಬಾರ್ದು ಸಾಮಿ. ಕೂಸಿಗೆ ಆಗ್ಬರಾಕಿಲ್ಲ."

"ಯಾವ ಮಗು?"

ಗಂಗಯ್ಯ ನೆಲ ನೋಡಿದ. ಒಳಗೆ ಯಂತ್ರದ ಮುಂದೆ ಭಾನುಪ್ರಿಯ ನೂಲಿನ ಎಳೆ ಕಡಿದುಹೋದದ್ದೂ ತಿಳಿಯದೆ ನಿಂತಿದ್ದಳು.

"ಕೂಸ್ನ ತತ್ತಾರವ್ವ ಭಾನು," ಎಂದಳು ಅಂಬುಜಮ್ಮ, ಬೇರೆ ದಾರಿ ಕಾಣದೆ. "ಖಾಲಿ ತೂಗ್ಬುಟ್ಟವ್ರೆ, ಹಂಗೇ ಬುಡಬಾರ್ದು. ಒಸಿ ಮನಗ್ಸು."

ಭಾನುಪ್ರಿಯ ಮಗುವನ್ನು ತಂದು ಮಲಗಿಸಿದಳು. ಮಗು ಕಣ್ಣುಬಿಟ್ಟು ಹೊಸ ಮುಖ ನೋಡಿ, ಅಳಲೋ ಬೇಡವೋ ಎಂದು ತುಟಿ ಸೊಟ್ಟ ಮಾಡಿತು.

ಮನೋಹರ್ ಫೋನನ್ನು ಜೇಬಿಗಿಟ್ಟ. ತೊಲೆಯುದ್ದಕ್ಕೂ ಸಾಲಾಗಿದ್ದ, ಸವೆದು ಹೊಳೆಯುವ ಕೊಕ್ಕೆಗಳನ್ನು ಒಮ್ಮೆ ನೋಡಿದ.

"ಈಗ ತೂಗ್ಬಹುದಾ ಅಮ್ಮ?"

ಅಂಬುಜಮ್ಮ ಮಗುವಿನ ಕಾಲನ್ನು ಜೋಲಿಯೊಳಗೆ ಸರಿಸಿದಳು. ಆಮೇಲೆ, ಜೋಲಿ ಹಿಡಿದಿದ್ದ ಕೈ ಬಿಟ್ಟಳು.