ಸುಂದರವ್ವನ ರೊಟ್ಟಿ ಸಪ್ಪಳ

ಮುದಕವ್ವನಿಗೆ ಲಕವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿ ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಸುಗ್ಗಿಗೆ ಎರಡು ವರ್ಷ. ಮಾತು ಕೊಂಚ ತೊದಲುತ್ತಿತ್ತು, ಮೊನಚು ಮಾತ್ರ ಹಾಗೇ ಇತ್ತು. ಸಂಗೊಳ್ಳಿಯ ಆ ಮನೆಯಲ್ಲಿ ಅವಳನ್ನು ಎಬ್ಬಿಸುವುದು, ಮೀಸುವುದು, ಉಣ್ಣಿಸುವುದು, ಮಗ್ಗಲು ಬದಲಿಸುವುದು ಎಲ್ಲ ಸೊಸೆ ಸುಂದರವ್ವನದೇ. ಗಂಡ ಲಗಮಪ್ಪ ಕೈ ಹಚ್ಚಲು ಬಂದರೆ, "ನಿಮಗ ತಿಳಿಯೂದಿಲ್ಲ, ಹೊಲಕ್ಕ ಹೋಗ್ರಿ" ಎನ್ನುವಳು. ಯರಗಟ್ಟಿಗೆ ಕೊಟ್ಟ ನಾದಿನಿ ಸೋಮವ್ವ ಎರಡು ಸಲ ಗಂಟು ಕಟ್ಟಿಕೊಂಡು ಬಂದು, "ನಾಕ ದಿನ ನಾ ನೋಡಕೋತೇನಿ, ತವರಿಗೆ ಹೋಗಿ ಬರ್ರಿ ವೈನಿ" ಅಂದಿದ್ದಳು. ಎರಡು ಸಲವೂ ಸುಂದರವ್ವ ಚಹಾ ಕೊಟ್ಟು, ಸಂಜೆಯ ಬಸ್ಸು ಹತ್ತಿಸಿ ಬಂದಿದ್ದಳು.

ತಾನಿಲ್ಲದಿದ್ದರೆ ಅತ್ತೆ ಒಂದು ದಿನವೂ ಉಳಿಯಲಾರಳು ಎಂಬುದು ಅವಳ ಗಟ್ಟಿ ನಂಬಿಕೆ. ತಲೆ ಸಿಡಿಯುವುದು, ಹಿಟ್ಟಿನ ಡಬ್ಬಿ ತೆರೆದು ಯಾಕೆ ತೆರೆದೆನೆಂದು ಮರೆಯುವುದು, ಅಂಗಳದ ಕೋಳಿಯ ಮೇಲೂ ಸಿಟ್ಟು ಬರುವುದು, ಇದಕ್ಕೆಲ್ಲ ಬಿಸಿಲೇ ಕಾರಣವೆಂದು ತಿಳಿದಿದ್ದಳು.

ಒಂದು ಮುಂಜಾನೆ ಎಮ್ಮೆಯ ಮುಂದೆ ಬಕೀಟು ಇಟ್ಟಳು, ಅತ್ತೆಯ ಮುಂದೆ ಗಂಗಾಳ ಇಟ್ಟಳು, ಒಲೆಯ ಕಡೆ ತಿರುಗಿದಳು. ಹಿಂದಿನಿಂದ ಮುದಕವ್ವ ಕೇಳಿದಳು:

"ಸುಂದರಾ, ಇವತ್ತ ನನ್ನ ಹಿಂಡಾವರ ಯಾರ?"

ಗಂಗಾಳದಲ್ಲಿ ಎಮ್ಮೆಗೆಂದು ನೆನೆಸಿದ ಹತ್ತಿಕಾಳು. ಆಚೆ ಎಮ್ಮೆ ಅತ್ತೆಯ ನುಚ್ಚು ಮಜ್ಜಿಗೆ ಮುಗಿಸಿ ಮೂತಿ ನೆಕ್ಕುತ್ತಿತ್ತು.

ಸುಂದರವ್ವ ನಕ್ಕಳು. ನಗು ನಿಲ್ಲಲಿಲ್ಲ. ನಗುತ್ತಲೇ ಕುಸಿದು ಕುಳಿತಳು. ಯಾವ ಗಳಿಗೆಯಲ್ಲಿ ಅದು ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ.

ಮುದಕವ್ವ ಅವಳನ್ನು ಅಳಲು ಬಿಟ್ಟಳು. ಸೊಸೆ ಸೆರಗಿನಿಂದ ಮೂಗು ಒರೆಸಿಕೊಂಡ ಮೇಲೆ ಹೇಳಿದಳು: "ನಾ ಬಿದ್ದಲ್ಲೇ ಕೇಳತಿರತೇನಿ. ನಿನ್ನ ರೊಟ್ಟಿ ಸಪ್ಪಳ ಮೊದಲ ಗಿರಣಿ ಹಂಗ ಒಂದೇ ಸಮ ಇರತಿತ್ತು. ಈಗ ನಾಕ ತಿಂಗಳಾತು, ಒಂದ ರೊಟ್ಟಿಗೆ ಮೂರ ಸಲ ನಿಂದರತಿ. ಆಮ್ಯಾಲ ಅರಿವಿ ಒಗದಂಗ ಬಡೀತಿ. ಮೊನ್ನಿ ಬಡದದ್ದು ರೊಟ್ಟಿನೋ, ನನ್ನ ಬೆನ್ನೋ?"

ಸುಂದರವ್ವ ತಲೆ ತಗ್ಗಿಸಿದಳು. "ನಿಮ್ಮ ಬೆನ್ನರೀ, ಅತ್ತಿ."

"ಹಂಗ ಅನಕೊಂಡಿದ್ದೆ. ರೊಟ್ಟಿ ಮಾತ್ರ ತೆಳ್ಳಗ ಬಂದಿತ್ತ."

"ನಿಮ್ಮ ಮ್ಯಾಲೆ ಸಿಟ್ಟಲ್ಲರೀ..."

"ಇದ್ರೂ ಇರಲಿ. ನಾನೂ ನಮ್ಮತ್ತೀನ ಆರು ವರ್ಷ ಹಾಸಿಗ್ಯಾಗ ನೋಡೇನಿ. ಆಕಿ ಬೆನ್ನೂ ರೊಟ್ಟ್ಯಾಗ ಬಡದೇನಿ. ಸೋಮವ್ವಗ ಹೇಳಿ ಕಳಸು."

"ಆಕಿಗೆ ನಿಮ್ಮ ಮಗ್ಗಲಾ ಬದಲಸಾಕ ಬರೂದಿಲ್ಲರಿ."

"ನನಗ ಬಾಯಿ ಐತಿ, ಕಲಸತೇನಿ. ನೀ ಎಂಟ ದಿನ ಸಿರಸಂಗಿಗೆ ಹೋಗಿ ಮಕ್ಕೊ."

ಸೋಮವ್ವ ಬಂದಳು, ಸುಂದರವ್ವ ಸಿರಸಂಗಿಯ ತವರಿಗೆ ಹೋದಳು. ಮೊದಲ ದಿನವೆಲ್ಲ ಮಲಗಿದಳು. ಎರಡನೆಯ ದಿನ ತಮ್ಮನ ಹೆಂಡತಿ ತಲೆಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದಳು. ಐದನೆಯ ದಿನಕ್ಕೆ ಮನೆಯ ಚಿಂತೆ ಹತ್ತಿತು. ಅತ್ತೆಗೆ ಬೆನ್ನಹುಣ್ಣು ಆಗಿದ್ದರೆ? ನುಚ್ಚು ಗಂಟಲಿಗೆ ಸಿಕ್ಕಿದ್ದರೆ? ಗಂಟು ಕಟ್ಟಿ ಬಸ್ಸು ಹತ್ತಿದಳು.

ಸಂಗೊಳ್ಳಿಯಲ್ಲಿ ಇಳಿದು ಮನೆಯ ಕದಕ್ಕೆ ಕೈ ಹಚ್ಚಿದವಳು ಹಾಗೇ ನಿಂತಳು. ಒಳಗೆ ರೊಟ್ಟಿ ಬಡಿಯುವ ಸಪ್ಪಳ, ಕುಂಟೆತ್ತು ನಡೆದ ಹಾಗೆ. ಅದರ ಮೇಲೆ ಮುದಕವ್ವನ ದನಿ:

"ಸೋಮಿ, ಇದೇನ ರೊಟ್ಟಿನೋ, ಬಂಡಿ ಗಾಲಿನೋ? ಸುಂದರಾನ ಕೈದು ಉಂಡ ಬಾಯಿ ಇದು."

"ಸುಮ್ನ ತಿನ್ನು ಯವ್ವಾ. ಬೈಕೋತ ಬೈಕೋತ ಎರಡನೇದಕ್ಕ ಬಂದೀದಿ" ಎಂದಳು ಸೋಮವ್ವ. ತಾಯಿ ಮಗಳು ಇಬ್ಬರೂ ನಕ್ಕರು.

ಎರಡನೆಯ ರೊಟ್ಟಿ. ತನ್ನ ಕೈಯಿಂದ ಅತ್ತೆ ಒಂದು ದಾಟಿದ್ದೇ ಇಲ್ಲ. ಸುಂದರವ್ವನಿಗೆ ಒಂದಿಷ್ಟು ಚುಚ್ಚಿತು. ಹೆಗಲ ಮೇಲಿಂದ ಹೊರೆ ಹುಲ್ಲು ಇಳಿಸಿದಂತೆಯೂ ಆಯಿತು. ಕದದಿಂದ ಕೈ ತೆಗೆದು, ಓಣಿ ದಾಟಿ, ಎದುರುಮನೆಯ ರಾಚವ್ವನ ಕಟ್ಟೆಯ ಮೇಲೆ ಗಂಟು ಇಟ್ಟಳು.

ಜೋಳ ಹಸನು ಮಾಡುತ್ತಿದ್ದ ರಾಚವ್ವ ಮೊರ ಬದಿಗಿಟ್ಟಳು. "ಯಾವಾಗ ಬಂದಿ? ಮನಿಗೆ ಹೋಗೂದಿಲ್ಲೇನ?"

ಸುಂದರವ್ವ ಗಂಟನ್ನೇ ತಲೆದಿಂಬು ಮಾಡಿಕೊಂಡು ಕಾಲು ಚಾಚಿದಳು.

"ನಾ ಇನ್ನೂ ಸಿರಸಂಗ್ಯಾಗ ಅದೇನಿ, ರಾಚವ್ವಕ್ಕ. ಮೂರ ದಿನ ಬಾಕಿ ಅದಾವ. ಚಾ ಇಡ್ರಿ."